ಮಿನಿ ಟ್ರ್ಯಾಕ್ಟರ್ ಚಲಿಸದಿದ್ದಾಗ: ದೋಷ ಪತ್ತೆಯ ಕ್ರಮ ಹಾಗೂ ಸೇವೆ ಪಡೆಯುವ ವಿಧಾನ

(ಕೃಷಿ ಯಾಂತ್ರೀಕರಣ – ರೈತರಿಗೆ ಮಾಹಿತಿ)

1. ಪೀಠಿಕೆ

ಅಡಿಕೆ ಮತ್ತು ದ್ರಾಕ್ಷಿ ತೋಟಗಳ ಸಾಲುಗಳ ನಡುವೆ, ಕಬ್ಬು ಮತ್ತು ಹತ್ತಿ ಬೆಳೆಗಳ ಅಂತರ ಬೇಸಾಯದಲ್ಲಿ ಹಾಗೂ ಸಣ್ಣ ಹಿಡುವಳಿಗಳಲ್ಲಿ ಸುಮಾರು 15ರಿಂದ 30 ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರುಗಳು ವ್ಯಾಪಕವಾಗಿ ಬಳಕೆಯಲ್ಲಿವೆ. ಇವುಗಳ ಪೈಕಿ ಅನೇಕವನ್ನು ರೈತರು ಸಹಾಯಧನದ ನೆರವಿನಿಂದಲೋ ಬ್ಯಾಂಕ್ ಸಾಲದಿಂದಲೋ ಖರೀದಿಸಿರುತ್ತಾರೆ. ಎಂಜಿನ್ ಸರಿಯಾಗಿ ಚಾಲನೆಗೊಂಡರೂ ಟ್ರ್ಯಾಕ್ಟರ್ ನಿಂತಲ್ಲಿಂದ ಕದಲದಿರುವುದು ಬಿತ್ತನೆಯ ದಿನಗಳಲ್ಲಿ ರೈತರನ್ನು ಹೆಚ್ಚು ಕಂಗೆಡಿಸುವ ತೊಂದರೆಗಳಲ್ಲೊಂದು. ಮಳೆ ಬಿದ್ದು ಭೂಮಿ ಹದಕ್ಕೆ ಬಂದ ನಾಲ್ಕೈದು ದಿನಗಳಲ್ಲಿ ಯಂತ್ರ ನಿಂತುಹೋದರೆ ಹದವೂ ತಪ್ಪುತ್ತದೆ, ಬಾಡಿಗೆಯ ಹೊರೆಯೂ ಬೀಳುತ್ತದೆ.

ಇಂತಹ ಸಂದರ್ಭದಲ್ಲಿ ಆತುರದಿಂದ ಗೇರ್ ಬಾಕ್ಸ್ ಬಿಚ್ಚಿಸುವುದರಿಂದ ರೈತರಿಗೆ ಎರಡು ಬಗೆಯ ನಷ್ಟ ಉಂಟಾಗಬಹುದು. ಹೊರಗಿನಿಂದಲೇ ಸರಿಪಡಿಸಬಹುದಾಗಿದ್ದ ದೋಷಕ್ಕೆ ಅನಗತ್ಯ ವೆಚ್ಚವಾಗುವುದು ಒಂದು. ಅಧಿಕೃತವಲ್ಲದ ಕಡೆ ಬಿಚ್ಚಿಸಿದ ಕಾರಣಕ್ಕೆ ವಾರಂಟಿಯ ಹಕ್ಕು ಕೈತಪ್ಪುವುದು ಮತ್ತೊಂದು. ಆದ್ದರಿಂದ ದೋಷವು ಯಾವ ಭಾಗದಲ್ಲಿದೆ ಎಂಬುದನ್ನು ಹೊರಗಿನಿಂದ ಒಳಕ್ಕೆ, ಕ್ರಮವಾಗಿ ಪರಿಶೀಲಿಸಿ ಗುರುತಿಸಿದ ನಂತರವೇ ರಿಪೇರಿಗೆ ಮುಂದಾಗುವುದು ಸೂಕ್ತ. ಸದರಿ ಕ್ರಮವನ್ನೂ, ತದನಂತರ ಸೇವೆ ಹಾಗೂ ಪರಿಹಾರ ಪಡೆಯುವ ವಿಧಾನವನ್ನೂ ಈ ಕೆಳಗೆ ವಿವರಿಸಲಾಗಿದೆ.

2. ಎಂಜಿನ್ನಿನ ಶಕ್ತಿ ಚಕ್ರವನ್ನು ತಲುಪುವ ಮಾರ್ಗ

ಗೇರ್ ಮಾದರಿಯ ಟ್ರ್ಯಾಕ್ಟರಿನಲ್ಲಿ ಶಕ್ತಿಯು ಈ ಕೆಳಕಂಡ ಕ್ರಮದಲ್ಲಿ ಸಾಗುತ್ತದೆ:

ಎಂಜಿನ್ → ಕ್ಲಚ್ → ಗೇರ್ ಬಾಕ್ಸ್ (ಮುಖ್ಯ ಗೇರ್ ಹಾಗೂ ಹೈ–ಲೋ ಗೇರ್) → ಡಿಫರೆನ್ಷಿಯಲ್ → ಆಕ್ಸಲ್ → ಹಿಂದಿನ ಚಕ್ರಗಳು.

ನಾಲ್ಕೂ ಚಕ್ರಗಳಿಗೆ ಶಕ್ತಿ ದೊರೆಯುವ ಮಾದರಿಗಳಲ್ಲಿ ಗೇರ್ ಬಾಕ್ಸಿನಿಂದ ಮತ್ತೊಂದು ಶಾಫ್ಟ್ ಮುಂದಿನ ಆಕ್ಸಲ್‌ಗೆ ಹೋಗುತ್ತದೆ. ಈ ಸರಪಳಿಯ ಯಾವುದೇ ಒಂದು ಕೊಂಡಿ ಕಳಚಿದರೂ ಟ್ರ್ಯಾಕ್ಟರ್ ನಿಲ್ಲುತ್ತದೆ. ಯಾವ ಕೊಂಡಿಯವರೆಗೆ ಶಕ್ತಿ ತಲುಪುತ್ತಿದೆ ಎಂದು ತಿಳಿಯುವುದೇ ದೋಷ ಪತ್ತೆಯ ಮೂಲ ಸೂತ್ರ.

3. ಪರಿಶೀಲನೆಗೆ ಮುನ್ನ ಅನುಸರಿಸಬೇಕಾದ ಸುರಕ್ಷತಾ ಕ್ರಮಗಳು

ಅ) ಟ್ರ್ಯಾಕ್ಟರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹಿಂದಿನ ಸಲಕರಣೆಯನ್ನು ನೆಲಕ್ಕೆ ಇಳಿಸಬೇಕು.
ಆ) ಚಕ್ರಗಳ ಮುಂದೆ ಹಾಗೂ ಹಿಂದೆ ಕಲ್ಲು ಅಥವಾ ಮರದ ತುಂಡಿನ ತಡೆ ಇಡಬೇಕು. ಚಾಲನಾ ಶಕ್ತಿ ತಪ್ಪಿದ ಟ್ರ್ಯಾಕ್ಟರನ್ನು ಗೇರ್ ಹಿಡಿದು ನಿಲ್ಲಿಸುತ್ತದೆ ಎಂದು ನಂಬಬಾರದು. ಅದು ಇಳಿಜಾರಿನಲ್ಲಿ ತಾನಾಗಿ ಉರುಳಬಹುದು.
ಇ) ಎಂಜಿನ್ ಚಾಲನೆಯಲ್ಲಿರುವಾಗ ಯಾರೂ ಟ್ರ್ಯಾಕ್ಟರಿನ ಕೆಳಗೆ ಹೋಗಬಾರದು. ಮುಂದೆ ಅಥವಾ ಹಿಂದೆ ನಿಲ್ಲಲೂಬಾರದು. ಮಕ್ಕಳನ್ನು ದೂರವಿರಿಸಬೇಕು.
ಈ) ಪಿ.ಟಿ.ಒ. ಶಾಫ್ಟ್ ತಿರುಗುವಾಗ ಪಂಚೆ, ಸೀರೆಯ ಸೆರಗು, ಟವೆಲ್ ಮುಂತಾದ ಸಡಿಲ ಬಟ್ಟೆಗಳು ಸಿಲುಕಿ ಪ್ರಾಣಾಪಾಯ ಸಂಭವಿಸಬಹುದು. ಶಾಫ್ಟಿನ ಬಳಿ ಹೋಗುವ ಮುನ್ನ ಎಂಜಿನ್ ನಿಲ್ಲಿಸತಕ್ಕದ್ದು.

ವಿಶೇಷ ಎಚ್ಚರಿಕೆ: ಕೆಸರಿನಲ್ಲಿ ಹೂತ ಟ್ರ್ಯಾಕ್ಟರನ್ನು ಹೊರತೆಗೆಯಲು ಹಿಂದಿನ ಚಕ್ರಕ್ಕೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಓಡಿಸುವ ರೂಢಿ ಕೆಲವೆಡೆ ಇದೆ. ಇದು ಅತ್ಯಂತ ಅಪಾಯಕಾರಿ. ಚಕ್ರ ತಿರುಗಲಾಗದೆ ನಿಂತಾಗ ಟ್ರ್ಯಾಕ್ಟರಿನ ಮುಂಭಾಗವೇ ಮೇಲೆದ್ದು, ಚಾಲಕನ ಮೇಲೆ ಹಿಮ್ಮುಖವಾಗಿ ಮಗುಚಿಕೊಳ್ಳುತ್ತದೆ. ಹೂತ ಟ್ರ್ಯಾಕ್ಟರನ್ನು ಸಲಕರಣೆ ಕಳಚಿ, ಮಣ್ಣು ತೋಡಿ, ರಿವರ್ಸ್ ಗೇರಿನಲ್ಲಿ ನಿಧಾನವಾಗಿ ಹೊರತರಲು ಯತ್ನಿಸಬೇಕು. ಆಗದಿದ್ದಲ್ಲಿ ಬೇರೊಂದು ವಾಹನದಿಂದ ಎಳೆಸಬೇಕು.

4. ಮೊದಲ ಹಂತ: ಉಪಕರಣವಿಲ್ಲದೆ ನೋಡಬಹುದಾದ ಅಂಶಗಳು

ಮೆಕ್ಯಾನಿಕ್‌ಗೆ ಕರೆ ಮಾಡುವ ಮುನ್ನ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು. ಇದಕ್ಕೆ ಹತ್ತು ನಿಮಿಷಗಳು ಸಾಕು.

1) ಹೈ–ಲೋ ಲಿವರ್: ಮುಖ್ಯ ಗೇರ್ ಹಾಕಿದ್ದರೂ ಹೈ–ಲೋ ಲಿವರ್ ನಡುವಿನ ನ್ಯೂಟ್ರಲ್ ಸ್ಥಾನದಲ್ಲಿದ್ದರೆ ಟ್ರ್ಯಾಕ್ಟರ್ ಚಲಿಸದು. ಹೊಸ ಚಾಲಕರಿಗೆ ಇದು ಸುಲಭವಾಗಿ ತಿಳಿಯುವುದಿಲ್ಲ. ಕ್ಲಚ್ ಪೂರ್ಣ ಒತ್ತಿ, ಲಿವರನ್ನು ‘ಲೋ’ ಅಥವಾ ‘ಹೈ’ ಸ್ಥಾನಕ್ಕೆ ಖಚಿತವಾಗಿ ಹಾಕಬೇಕು. ಮುಂದೆ–ಹಿಂದೆ ಚಲನೆಗೆ ಪ್ರತ್ಯೇಕ ಷಟಲ್ ಲಿವರ್ ಇರುವ ಮಾದರಿಗಳಲ್ಲಿ ಅದನ್ನೂ ನೋಡಬೇಕು.

2) ಪಾರ್ಕಿಂಗ್ ಬ್ರೇಕ್: ಪೂರ್ಣವಾಗಿ ಬಿಡುಗಡೆಯಾಗಿದೆಯೇ? ಕೆಸರು ಗದ್ದೆಯ ಕೆಲಸದ ನಂತರ ತೊಳೆಯದೆ ನಿಲ್ಲಿಸಿದ ಟ್ರ್ಯಾಕ್ಟರುಗಳಲ್ಲಿ ಬ್ರೇಕಿನ ರಾಡುಗಳು ಮಣ್ಣು ಹಾಗೂ ತುಕ್ಕಿನಿಂದ ಬಿಗಿದುಕೊಂಡು, ಪೆಡಲ್ ಮೇಲೆ ಬಂದರೂ ಬ್ರೇಕ್ ಬಿಡದಿರಬಹುದು.

3) ಲಿವರಿನ ಕೊಂಡಿಗಳು: ಗೇರ್ ಲಿವರ್ ಎಂದಿನ ಬಿಗಿಯಿಲ್ಲದೆ ಎತ್ತ ಬೇಕಾದರೂ ಸಡಿಲವಾಗಿ ಆಡುತ್ತಿದ್ದರೆ, ಲಿವರಿನಿಂದ ಗೇರ್ ಬಾಕ್ಸಿಗೆ ಹೋಗುವ ರಾಡಿನ ಪಿನ್ ಅಥವಾ ಕಾಟರ್ ಪಿನ್ ಬಿದ್ದಿರುವ ಸಾಧ್ಯತೆ ಇದೆ. ಇದು ಅಲ್ಪ ವೆಚ್ಚದಲ್ಲಿ ಸರಿಯಾಗುವ ದೋಷ.

4) ಕ್ಲಚ್ ಪೆಡಲ್: ಪೆಡಲನ್ನು ಕೈಯಿಂದ ಮೆಲ್ಲನೆ ಒತ್ತಿದಾಗ ಪ್ರತಿರೋಧವಿಲ್ಲದೆ ಚಲಿಸುವ ಸ್ವಲ್ಪ ಅಂತರ ಇರಬೇಕು. ಇದನ್ನು ಫ್ರೀ ಪ್ಲೇ ಎನ್ನುತ್ತಾರೆ. ಅನೇಕ ಮಾದರಿಗಳಲ್ಲಿ ಇದು ಸುಮಾರು 20ರಿಂದ 30 ಮಿ.ಮೀ. ಇರುತ್ತದೆ, ಆಯಾ ಮಾದರಿಯ ನಿಖರ ಅಳತೆಯನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

5) ಎಣ್ಣೆ: ಗೇರ್ ಬಾಕ್ಸಿನ ಅಳತೆ ಕಡ್ಡಿಯನ್ನು ತೆಗೆದು ಎಣ್ಣೆಯ ಮಟ್ಟ ನೋಡಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ. ಅಂತಹ ಎಣ್ಣೆಯಲ್ಲಿ ಟ್ರ್ಯಾಕ್ಟರ್ ಓಡಿಸಬಾರದು. ಹಿಂದಿನ ಚಕ್ರದ ಒಳಬದಿಯಲ್ಲಿ ಅಥವಾ ಕ್ಲಚ್ ಹೌಸಿಂಗಿನ ಕೆಳಗಿನ ರಂಧ್ರದಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಆಯಿಲ್ ಸೀಲ್ ಹಾಳಾಗಿರುವ ಸೂಚನೆ.

5. ಎರಡನೆಯ ಹಂತ: ಲಕ್ಷಣಗಳಿಂದ ದೋಷವನ್ನು ಗುರುತಿಸುವುದು

ಮೇಲ್ಕಂಡ ಅಂಶಗಳು ಸರಿಯಿದ್ದಲ್ಲಿ, ಎಂಜಿನ್ ಚಾಲನೆ ಮಾಡಿ, ಕಡಿಮೆ ಗೇರ್ ಹಾಕಿ, ಕ್ಲಚನ್ನು ನಿಧಾನವಾಗಿ ಬಿಡಬೇಕು. ಆಗ ಎಂಜಿನ್ನಿನ ಶಬ್ದ ಹೇಗೆ ಬದಲಾಗುತ್ತದೆ ಎಂಬುದನ್ನು ಗಮನವಿಟ್ಟು ಕೇಳಬೇಕು.

5.1 ಎಂಜಿನ್ ಹೊರೆ ಹೊತ್ತಂತೆ ಕುಗ್ಗುವುದು ಅಥವಾ ಬಂದ್ ಆಗುವುದು

ಶಕ್ತಿಯು ಕ್ಲಚ್ಚನ್ನು ದಾಟಿ ಮುಂದಕ್ಕೆ ಹೋಗುತ್ತಿದೆ. ಆದರೆ ಮುಂದೆ ಯಾವುದೋ ತಡೆಯಿದೆ ಎಂದು ತಿಳಿಯಬೇಕು. ಬ್ರೇಕ್ ಹಿಡಿದುಕೊಂಡಿರುವುದು, ಚಕ್ರಕ್ಕೆ ಕಲ್ಲು ಅಥವಾ ಹಗ್ಗ ಸಿಲುಕಿರುವುದು, ನೆಲಕ್ಕೆ ಇಳಿಸಿದ ಸಲಕರಣೆ ಮಣ್ಣಿನಲ್ಲಿ ಹೂತಿರುವುದು ಇದಕ್ಕೆ ಕಾರಣಗಳು. ಇವು ಯಾವುವೂ ಇಲ್ಲದಿದ್ದಲ್ಲಿ, ಗೇರ್ ಬಾಕ್ಸಿನಲ್ಲಿ ಏಕಕಾಲಕ್ಕೆ ಎರಡು ಗೇರುಗಳು ಕಚ್ಚಿಕೊಂಡಿರಬಹುದು. ಆಗ ಬಲವಂತ ಮಾಡದೆ ಎಂಜಿನ್ ನಿಲ್ಲಿಸಿ ಮೆಕ್ಯಾನಿಕ್‌ನ ನೆರವು ಪಡೆಯಬೇಕು.

5.2 ಎಂಜಿನ್ನಿನ ಶಬ್ದದಲ್ಲಿ ಯಾವ ಬದಲಾವಣೆಯೂ ಇಲ್ಲದಿರುವುದು

ಶಕ್ತಿ ಎಲ್ಲೋ ಕಡಿತಗೊಂಡಿದೆ. ಕ್ಲಚ್ಚಿನಲ್ಲೋ, ಅದರ ಮುಂದೆಯೋ ಎಂದು ತಿಳಿಯಲು ಪಿ.ಟಿ.ಒ. ಪರೀಕ್ಷೆ ಸಹಾಯಕ. ಸಲಕರಣೆಯನ್ನು ಕಳಚಿ, ಗೇರ್ ನ್ಯೂಟ್ರಲ್ ಮಾಡಿ, ಪಿ.ಟಿ.ಒ. ಲಿವರ್ ಹಾಕಿ, ಕ್ಲಚ್ ಬಿಟ್ಟು ದೂರದಿಂದ ನೋಡಬೇಕು.

– ಒಂದೇ ಕ್ಲಚ್ ಪ್ಲೇಟ್ ಇರುವ ಮಾದರಿಯಲ್ಲಿ ಪಿ.ಟಿ.ಒ. ತಿರುಗಿದರೆ, ಶಕ್ತಿಯು ಕ್ಲಚ್ಚನ್ನು ದಾಟುತ್ತಿದೆ ಎಂದರ್ಥ. ದೋಷವನ್ನು ಗೇರ್, ಡಿಫರೆನ್ಷಿಯಲ್ ಅಥವಾ ಆಕ್ಸಲ್‌ನಲ್ಲಿ ಹುಡುಕಬೇಕು.
– ಪಿ.ಟಿ.ಒ. ಕೂಡ ತಿರುಗದಿದ್ದರೆ ಕ್ಲಚ್ಚಿನಲ್ಲಿಯೇ ದೋಷವಿರುವ ಸಾಧ್ಯತೆ ಹೆಚ್ಚು.
– ಡ್ಯುಯಲ್ ಕ್ಲಚ್ ಮಾದರಿಗಳಲ್ಲಿ ಪಿ.ಟಿ.ಒ.ಗೆ ಪ್ರತ್ಯೇಕ ಪ್ಲೇಟ್ ಇರುವುದರಿಂದ, ಪಿ.ಟಿ.ಒ. ತಿರುಗಿದ ಮಾತ್ರಕ್ಕೆ ಚಾಲನೆಯ ಪ್ಲೇಟ್ ಸರಿಯಿದೆ ಎಂದು ತೀರ್ಮಾನಿಸಬಾರದು.

5.3 ಖಾಲಿ ಇದ್ದಾಗ ಚಲಿಸಿ, ಹೊರೆ ಬಿದ್ದಾಗ ನಿಲ್ಲುವುದು

ಇದು ಕ್ಲಚ್ ಜಾರುವಿಕೆಯ ಲಕ್ಷಣ. ಎಂಜಿನ್ನಿನ ವೇಗ ಏರಿದರೂ ಟ್ರ್ಯಾಕ್ಟರಿನ ವೇಗ ಏರುವುದಿಲ್ಲ. ಸುಟ್ಟ ವಾಸನೆ ಬರುತ್ತದೆ. ದೃಢಪಡಿಸಿಕೊಳ್ಳಲು, ಸಮತಟ್ಟಾದ ನೆಲದಲ್ಲಿ ಪಾರ್ಕಿಂಗ್ ಬ್ರೇಕ್ ಬಿಗಿಯಾಗಿ ಹಾಕಿ, ಅತಿ ಹೆಚ್ಚಿನ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಕ್ಲಚ್ ಸರಿಯಿದ್ದರೆ ಎಂಜಿನ್ ಬಂದ್ ಆಗುತ್ತದೆ. ಎಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಈ ಪರೀಕ್ಷೆಯನ್ನು ಒಂದೇ ಬಾರಿ, ಕೆಲವೇ ಕ್ಷಣ ಮಾಡಬೇಕು. ಪದೇ ಪದೇ ಮಾಡಿದರೆ ಬಿಸಿಯಿಂದ ಪ್ಲೇಟ್ ಸುಡುತ್ತದೆ.

ಕ್ಲಚ್ ಜಾರಲು ಕಾರಣಗಳು ಮೂರು. ಪೆಡಲಿನಲ್ಲಿ ಫ್ರೀ ಪ್ಲೇ ಇಲ್ಲದಿರುವುದು ಮೊದಲನೆಯದು. ಇದು ರಾಡಿನ ಹೊಂದಾಣಿಕೆಯಿಂದ ಸರಿಯಾಗುತ್ತದೆ. ಪ್ಲೇಟಿನ ಮೇಲೆ ಎಣ್ಣೆ ಬಿದ್ದಿರುವುದು ಎರಡನೆಯದು. ಇದಕ್ಕೆ ಸೀಲ್ ಬದಲಿಸದೆ ಕೇವಲ ಪ್ಲೇಟ್ ಬದಲಿಸಿದರೆ ಹೊಸ ಪ್ಲೇಟೂ ಬೇಗ ಹಾಳಾಗುತ್ತದೆ. ಪ್ಲೇಟ್ ಸವೆದಿರುವುದು ಮೂರನೆಯದು. ಚಾಲನೆಯ ವೇಳೆ ಪೆಡಲಿನ ಮೇಲೆ ಸದಾ ಕಾಲಿಟ್ಟುಕೊಳ್ಳುವ ಅಭ್ಯಾಸದಿಂದ ಪ್ಲೇಟ್ ಹಾಗೂ ರಿಲೀಸ್ ಬೇರಿಂಗ್ ಎರಡೂ ಅವಧಿಗೆ ಮುನ್ನವೇ ಸವೆಯುತ್ತವೆ.

5.4 ಗೇರ್ ಬೀಳದಿರುವುದು, ಕರಕರ ಶಬ್ದ ಬರುವುದು

ಪೆಡಲ್ ಪೂರ್ಣ ಒತ್ತಿದರೂ ಕ್ಲಚ್ ಬಿಡುಗಡೆಯಾಗುತ್ತಿಲ್ಲ. ಫ್ರೀ ಪ್ಲೇ ಅಧಿಕವಾಗಿರುವುದು ಒಂದು ಕಾರಣ. ಮಳೆಗಾಲದಲ್ಲಿ ಹಲವು ವಾರ ನಿಂತಿದ್ದ ಟ್ರ್ಯಾಕ್ಟರಿನಲ್ಲಿ ತೇವ ಹಾಗೂ ತುಕ್ಕಿನಿಂದ ಕ್ಲಚ್ ಪ್ಲೇಟ್ ಫ್ಲೈವೀಲ್‌ಗೆ ಅಂಟಿಕೊಳ್ಳುವುದು ಇನ್ನೊಂದು ಕಾರಣ. ಹೀಗೆ ಅಂಟಿದ ಪ್ಲೇಟನ್ನು ಬಿಡಿಸುವ ಕೆಲಸವನ್ನು ಮೆಕ್ಯಾನಿಕ್‌ಗೆ ವಹಿಸಬೇಕು. ಗೇರ್ ಹಾಕಿದ ಸ್ಥಿತಿಯಲ್ಲಿ ಸೆಲ್ಫ್ ಹೊಡೆದು ಬಿಡಿಸಲು ಯತ್ನಿಸಿದರೆ ಟ್ರ್ಯಾಕ್ಟರ್ ಹಠಾತ್ತಾಗಿ ಮುಂದಕ್ಕೆ ನುಗ್ಗುವ ಅಪಾಯವಿದೆ. ಟ್ರ್ಯಾಕ್ಟರನ್ನು ದೀರ್ಘಕಾಲ ನಿಲ್ಲಿಸುವಾಗ ಕ್ಲಚ್ ಪೆಡಲನ್ನು ಒತ್ತಿ ಹಿಡಿದಿಡುವ ಕೊಕ್ಕೆ ಇರುವ ಮಾದರಿಗಳಲ್ಲಿ ಅದನ್ನು ಬಳಸಿದರೆ ಈ ತೊಂದರೆ ತಪ್ಪುತ್ತದೆ.

5.5 ಒಂದು ಚಕ್ರ ಮಾತ್ರ ತಿರುಗುವುದು

ಒಂದು ಚಕ್ರ ಕೆಸರಿನಲ್ಲಿ ಗಿರಗಿರನೆ ತಿರುಗಿ ಮತ್ತೊಂದು ನಿಂತಿದ್ದರೆ ಅದು ದೋಷವಲ್ಲ. ಹಿಡಿತ ಕಡಿಮೆಯಿರುವ ಚಕ್ರವನ್ನು ತಿರುಗಲು ಬಿಡುವುದು ಡಿಫರೆನ್ಷಿಯಲ್‌ನ ಸಹಜ ಗುಣ. ಚಕ್ರ ತಿರುಗುವುದನ್ನು ನಿಲ್ಲಿಸಿ, ನಂತರ ಡಿಫರೆನ್ಷಿಯಲ್ ಲಾಕ್ ಒತ್ತಿ ನೇರವಾಗಿ ಹೊರಬರಬೇಕು. ಲಾಕ್ ಹಾಕಿದ ಸ್ಥಿತಿಯಲ್ಲಿ ತಿರುವು ತೆಗೆದುಕೊಳ್ಳಬಾರದು.

ಆದರೆ ಗಟ್ಟಿ ನೆಲದಲ್ಲಿಯೂ ಎರಡೂ ಚಕ್ರಗಳು ನಿಂತೇ ಇದ್ದು, ಒಳಗೆ ಗೇರ್ ತಿರುಗುವ ಶಬ್ದ ಬರುತ್ತಿದ್ದು, ಡಿಫರೆನ್ಷಿಯಲ್ ಲಾಕ್ ಒತ್ತಿದಾಗ ಮಾತ್ರ ಟ್ರ್ಯಾಕ್ಟರ್ ಕದಲಿದರೆ, ಒಂದು ಬದಿಯ ಆಕ್ಸಲ್ ಶಾಫ್ಟ್ ತುಂಡಾಗಿರುವ ಸಂಭವವಿದೆ. ತೊಂದರೆ ಆರಂಭವಾದಾಗ ‘ಟಕ್’ ಎಂಬ ಶಬ್ದ ಕೇಳಿಬಂದಿತ್ತೇ ಎಂಬುದನ್ನು ಚಾಲಕನಿಂದ ಕೇಳಿ ತಿಳಿಯಬೇಕು. ಈ ಸ್ಥಿತಿಯಲ್ಲಿ ಟ್ರ್ಯಾಕ್ಟರ್ ಓಡಿಸಬಾರದು.

6. ಹೈಡ್ರೋಸ್ಟ್ಯಾಟಿಕ್ ಮಾದರಿಯ ಟ್ರ್ಯಾಕ್ಟರುಗಳು

ಕೆಲವು ಮಿನಿ ಟ್ರ್ಯಾಕ್ಟರುಗಳಲ್ಲಿ ಮುಖ್ಯ ಗೇರ್ ಬದಲು ಎಣ್ಣೆಯ ಒತ್ತಡದಿಂದ ಚಲಿಸುವ ಹೈಡ್ರೋಸ್ಟ್ಯಾಟಿಕ್ ವ್ಯವಸ್ಥೆ ಇರುತ್ತದೆ. ಇವುಗಳಲ್ಲಿ ಪೆಡಲ್ ಒತ್ತಿದರೂ ಟ್ರ್ಯಾಕ್ಟರ್ ಚಲಿಸದಿದ್ದಲ್ಲಿ, ಹೈ–ಲೋ ಲಿವರಿನ ಸ್ಥಾನ, ಎಣ್ಣೆಯ ಮಟ್ಟ, ಎಣ್ಣೆ ಫಿಲ್ಟರಿನ ಸ್ಥಿತಿ ಹಾಗೂ ಪೆಡಲಿನಿಂದ ಪಂಪಿಗೆ ಹೋಗುವ ರಾಡಿನ ಕೊಂಡಿಯನ್ನು ಇದೇ ಕ್ರಮದಲ್ಲಿ ನೋಡಬೇಕು. ಎಳೆದೊಯ್ಯುವ ಸಲುವಾಗಿ ಬೈಪಾಸ್ ವಾಲ್ವ್ ಇರುವ ಮಾದರಿಗಳಲ್ಲಿ, ಅದನ್ನು ತೆರೆದು ಮತ್ತೆ ಮುಚ್ಚದಿದ್ದರೆ ಪೆಡಲ್ ಒತ್ತಿದರೂ ಚಲನೆ ಬಾರದು. ಬೆಳಿಗ್ಗೆ ಚೆನ್ನಾಗಿ ಚಲಿಸಿ, ಬಿಸಿಯೇರಿದ ಮೇಲೆ ಶಕ್ತಿ ಕುಗ್ಗುವುದು ಎಣ್ಣೆಯ ಕೊರತೆ, ಫಿಲ್ಟರ್ ಕಟ್ಟಿಕೊಂಡಿರುವುದು ಅಥವಾ ಪಂಪ್ ಸವೆದಿರುವುದನ್ನು ಸೂಚಿಸುತ್ತದೆ. ತಯಾರಕರು ನಿಗದಿಪಡಿಸಿದ ದರ್ಜೆಯ ಎಣ್ಣೆಯನ್ನು ಹೊರತುಪಡಿಸಿ ಬೇರೆ ಎಣ್ಣೆ ಹಾಕಬಾರದು.

7. ಟ್ರ್ಯಾಕ್ಟರನ್ನು ಎಳೆದೊಯ್ಯುವಾಗ

ಅ) ಮುಖ್ಯ ಗೇರ್ ಹಾಗೂ ಹೈ–ಲೋ ಲಿವರ್ ಎರಡನ್ನೂ ನ್ಯೂಟ್ರಲ್ ಮಾಡಬೇಕು; ನಾಲ್ಕು ಚಕ್ರದ ಚಾಲನೆಯನ್ನು ಬಿಡಿಸಬೇಕು. ಹೈಡ್ರೋಸ್ಟ್ಯಾಟಿಕ್ ಮಾದರಿಯಲ್ಲಿ ಕೈಪಿಡಿಯ ಸೂಚನೆಯನ್ನು ಪಾಲಿಸಬೇಕು.
ಆ) ಎಳೆಯುವ ಟ್ರ್ಯಾಕ್ಟರಿನಲ್ಲಿ ಸರಪಳಿಯನ್ನು ಡ್ರಾಬಾರ್‌ಗೆ ಮಾತ್ರ ಕಟ್ಟಬೇಕು. ಟಾಪ್ ಲಿಂಕ್ ಅಥವಾ ಆಕ್ಸಲ್‌ಗೆ ಕಟ್ಟಿದರೆ ಎಳೆಯುವ ಟ್ರ್ಯಾಕ್ಟರೇ ಹಿಮ್ಮುಖವಾಗಿ ಮಗುಚಬಹುದು.
ಇ) ನಡಿಗೆಯ ವೇಗ ಮೀರಬಾರದು. ಬ್ರೇಕ್ ಕೆಲಸ ಮಾಡದ ಟ್ರ್ಯಾಕ್ಟರನ್ನು ಹಗ್ಗದಿಂದ ಎಳೆಯದೆ ಬೇರೆ ವಾಹನದ ಮೇಲೆ ಸಾಗಿಸಬೇಕು.

8. ರಿಪೇರಿಗೆ ಕೊಡುವ ಮುನ್ನ

ವಾರಂಟಿ ಅವಧಿ ಮುಗಿದಿಲ್ಲದಿದ್ದಲ್ಲಿ ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಮತ್ತು ಆಕ್ಸಲ್ ಭಾಗಗಳನ್ನು ಅಧಿಕೃತ ಸೇವಾ ಕೇಂದ್ರದ ಹೊರತು ಬೇರೆಡೆ ಬಿಚ್ಚಿಸಬಾರದು. ಕ್ಲಚ್ ಪ್ಲೇಟಿನಂತಹ ಸವೆಯುವ ಭಾಗಗಳನ್ನು ವಾರಂಟಿಯಿಂದ ಹೊರಗಿಡುವುದು ಸಾಮಾನ್ಯ. ಆದರೆ ಸೀಲಿನ ದೋಷದಿಂದ ಎಣ್ಣೆ ಬಿದ್ದು ಪ್ಲೇಟ್ ಹಾಳಾಗಿದ್ದಲ್ಲಿ, ಮೂಲ ಕಾರಣವನ್ನು ಜಾಬ್ ಕಾರ್ಡಿನಲ್ಲಿ ದಾಖಲಿಸುವಂತೆ ರೈತರು ಕೇಳತಕ್ಕದ್ದು. ಮುಂದೆ ಹಕ್ಕು ಸಾಧಿಸಲು ಈ ಒಂದು ಸಾಲು ಬಹಳ ಮುಖ್ಯವಾಗುತ್ತದೆ.

ಸಿದ್ಧವಾಗಿರಿಸಿಕೊಳ್ಳಬೇಕಾದ ದಾಖಲೆಗಳು:
1) ಖರೀದಿ ಬಿಲ್ಲು ಹಾಗೂ ವಾರಂಟಿ ಕಾರ್ಡು
2) ಈವರೆಗಿನ ಸರ್ವಿಸ್ ದಾಖಲೆಗಳು
3) ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ಅವರ್ ಮೀಟರಿನ ಓದು
4) ತೊಂದರೆ ಆರಂಭವಾದ ದಿನಾಂಕ, ಆಗ ಮಾಡುತ್ತಿದ್ದ ಕೆಲಸ, ಕೇಳಿಬಂದ ಶಬ್ದ ಹಾಗೂ ಮೇಲಿನ ಪರಿಶೀಲನೆಯ ಫಲಿತಾಂಶಗಳನ್ನು ಬರೆದ ಚೀಟಿ
5) ಎಣ್ಣೆ ಸೋರಿಕೆ ಅಥವಾ ಮುರಿದ ಭಾಗದ ಛಾಯಾಚಿತ್ರ

ದೂರವಾಣಿಯಲ್ಲಿ ತಿಳಿಸಿದ ನಂತರವೂ ಲಿಖಿತ ದೂರು ನೀಡಿ, ದಿನಾಂಕ ಸಹಿತ ಸ್ವೀಕೃತಿ ಪಡೆಯಬೇಕು. ಅಂದಾಜು ವೆಚ್ಚವನ್ನು ಮೊದಲೇ ಬರೆಸಿಕೊಳ್ಳಬೇಕು. ಬದಲಿಸಿದ ಹಳೆಯ ಭಾಗಗಳನ್ನು ನೋಡಲು ಕೇಳಬೇಕು.

9. ಬಿತ್ತನೆ ನಿಲ್ಲದಂತೆ ಪರ್ಯಾಯ ವ್ಯವಸ್ಥೆ

ರಿಪೇರಿಗೆ ಸಮಯ ಹಿಡಿಯುವಂತಿದ್ದಲ್ಲಿ, ರೈತರು ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟ್ರ್ಯಾಕ್ಟರ್ ಹಾಗೂ ಸಲಕರಣೆಗಳನ್ನು ಬಾಡಿಗೆಗೆ ಪಡೆಯಬಹುದು. ರಾಜ್ಯದಲ್ಲಿ ಈ ಯೋಜನೆಯು 2014–15ರಲ್ಲಿ ಆರಂಭವಾಯಿತು. ಬಿತ್ತನೆಯ ಸಮಯದಲ್ಲಿ ಬೇಡಿಕೆ ಹೆಚ್ಚಿರುವುದರಿಂದ, ದೋಷವು ಮೊದಲ ಹಂತದ ಪರಿಶೀಲನೆಯಲ್ಲಿ ಸರಿಯಾಗದಿದ್ದ ದಿನವೇ ಹೆಸರು ನೋಂದಾಯಿಸುವುದು ಒಳಿತು. ಸಮೀಪದ ಕೇಂದ್ರದ ವಿವರಗಳನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಕೃಷಿ ಸಂಬಂಧಿತ ಮಾಹಿತಿಗಾಗಿ ಕಿಸಾನ್ ಕಾಲ್ ಸೆಂಟರಿನ ಶುಲ್ಕರಹಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

10. ಸೇವೆ ದೊರೆಯದಿದ್ದಲ್ಲಿ ದೂರು ಸಲ್ಲಿಸುವ ವಿಧಾನ

ಮಾರಾಟಗಾರರು ಅಥವಾ ಸೇವಾ ಕೇಂದ್ರದವರು ಸ್ಪಂದಿಸದಿದ್ದಲ್ಲಿ, ಮೊದಲು ತಯಾರಕ ಸಂಸ್ಥೆಯ ಗ್ರಾಹಕ ವಿಭಾಗಕ್ಕೆ ಲಿಖಿತವಾಗಿ ತಿಳಿಸಬೇಕು. ಸಹಾಯಧನದಡಿ ಪಡೆದ ಟ್ರ್ಯಾಕ್ಟರ್ ಆಗಿದ್ದಲ್ಲಿ ಅದರ ಪ್ರತಿಯನ್ನು ರೈತ ಸಂಪರ್ಕ ಕೇಂದ್ರಕ್ಕೂ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಛೇರಿಗೂ ನೀಡುವುದು ಸೂಕ್ತ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಬಹುದು.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ಸಲ್ಲಿಸಲು ಅವಕಾಶವಿದೆ. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ಸಲ್ಲಿಸಬೇಕು. ಖರೀದಿಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ. ರೈತರು ತಮ್ಮ ವಾಸಸ್ಥಳದ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಟ್ರ್ಯಾಕ್ಟರಿಗೆ ವಿಮೆ ಇದೆ. ಕ್ಲಚ್ ರಿಪೇರಿಯ ವೆಚ್ಚ ದೊರೆಯುವುದೇ?
ಉತ್ತರ: ಸಾಮಾನ್ಯ ವಾಹನ ವಿಮೆಯಲ್ಲಿ ಸವಕಳಿ ಹಾಗೂ ಯಾಂತ್ರಿಕ ದೋಷ ಸೇರಿರುವುದಿಲ್ಲ. ಅಪಘಾತದಿಂದ ಹಾನಿಯಾಗಿದ್ದಲ್ಲಿ ಪಾಲಿಸಿಯ ಷರತ್ತುಗಳನ್ನು ನೋಡಬೇಕು.

ಪ್ರಶ್ನೆ: ಬಿಡುವಿದ್ದಾಗ ನೆರೆಯವರ ಹೊಲವನ್ನೂ ಬಾಡಿಗೆಗೆ ಉಳುತ್ತಿದ್ದಲ್ಲಿ ಗ್ರಾಹಕ ಆಯೋಗಕ್ಕೆ ಹೋಗಬಹುದೇ?
ಉತ್ತರ: ವಾಣಿಜ್ಯ ಉದ್ದೇಶಕ್ಕೆ ಖರೀದಿಸಿದವರು ಅಧಿನಿಯಮದ ಅರ್ಥದಲ್ಲಿ ಗ್ರಾಹಕರಾಗುವುದಿಲ್ಲ. ಆದರೆ ಸ್ವಂತ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಖರೀದಿಸಿ ಬಳಸುವುದು ವಾಣಿಜ್ಯ ಉದ್ದೇಶವೆನಿಸದು. ಪ್ರಕರಣದ ಸಂಗತಿಗಳನ್ನು ನೋಡಿ ಆಯೋಗವು ತೀರ್ಮಾನಿಸುತ್ತದೆ.

ಪ್ರಶ್ನೆ: ಎಂಜಿನ್ನೇ ಚಾಲನೆಯಾಗದಿದ್ದರೆ?
ಉತ್ತರ: ಅದು ಬೇರೆ ಬಗೆಯ ದೋಷ. ಆದರೂ ಕ್ಲಚ್ ಒತ್ತದೆ ಅಥವಾ ಗೇರ್ ನ್ಯೂಟ್ರಲ್ ಇಲ್ಲದೆ ಎಂಜಿನ್ ಚಾಲನೆಯಾಗದಂತೆ ತಡೆಯುವ ಸುರಕ್ಷಾ ಸ್ವಿಚ್ ಅನೇಕ ಮಾದರಿಗಳಲ್ಲಿರುತ್ತದೆ. ಮೊದಲು ಅದನ್ನು ನೋಡಬೇಕು. ಸದರಿ ಸ್ವಿಚ್ಚಿನ ತಂತಿಯನ್ನು ಕತ್ತರಿಸಿ ಜೋಡಿಸಬಾರದು.

ಪ್ರಶ್ನೆ: ಟ್ರ್ಯಾಕ್ಟರ್ ನಿರ್ವಹಣೆಯ ತರಬೇತಿ ಎಲ್ಲಿ ದೊರೆಯುತ್ತದೆ?
ಉತ್ತರ: ಆಂಧ್ರ ಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಭಾರತ ಸರ್ಕಾರದ ದಕ್ಷಿಣ ವಲಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದ್ದು, ರೈತರಿಗೂ ತರಬೇತಿ ನೀಡುತ್ತದೆ.

12. ಮುಂಗಾರಿಗೆ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಮೇ ತಿಂಗಳಿನಲ್ಲಿಯೇ ಫ್ರೀ ಪ್ಲೇ ಹೊಂದಿಸುವುದು, ಎಣ್ಣೆಯ ಮಟ್ಟ ನೋಡುವುದು, ಬ್ರೇಕ್ ರಾಡುಗಳನ್ನು ತೊಳೆದು ಗ್ರೀಸ್ ಹಚ್ಚುವುದು, ಚಕ್ರದ ನಟ್ಟುಗಳನ್ನು ಬಿಗಿ ಮಾಡುವುದು ಹಾಗೂ ಎಲ್ಲ ಗೇರುಗಳಲ್ಲಿ ಸ್ವಲ್ಪ ದೂರ ಓಡಿಸಿ ನೋಡುವುದು ಅಗತ್ಯ. ಕೆಸರು ಗದ್ದೆಯ ಕೆಲಸ ಮುಗಿದ ದಿನವೇ ಟ್ರ್ಯಾಕ್ಟರನ್ನು ತೊಳೆಯಬೇಕು. ಗೇರ್ ಬಾಕ್ಸಿನ ಎಣ್ಣೆಗೆ ನೀರು ಸೇರಿಲ್ಲವೆಂದು ಖಚಿತಪಡಿಸಿಕೊಂಡು ನಂತರವೇ ಮುಂದಿನ ಕೆಲಸಕ್ಕೆ ತೆಗೆಯಬೇಕು.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಅಳತೆ, ಎಣ್ಣೆಯ ದರ್ಜೆ ಹಾಗೂ ಹೊಂದಾಣಿಕೆಯ ವಿಷಯದಲ್ಲಿ ಆಯಾ ಟ್ರ್ಯಾಕ್ಟರಿನ ಕೈಪಿಡಿಯಲ್ಲಿರುವುದೇ ಅಂತಿಮ. ಕೈಪಿಡಿ ಇಲ್ಲದಿದ್ದಲ್ಲಿ ಮಾರಾಟಗಾರರಿಂದ ಕೇಳಿ ಪಡೆಯತಕ್ಕದ್ದು.